ಕೊನೆಯ ಓ

ಮಗಳು ಹಾಸನದಿಂದ ಬರುವಾಗ ಒಂದು ಪುಟ್ಟ ಬಿಳಿ ಡಬ್ಬಿ ತಂದಳು. ಹಿಂದಿನವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಸುಣ್ಣದ ಡಬ್ಬಿಗಿಂತ ದೊಡ್ಡದೇನಲ್ಲ. ತೆರೆದರೆ ಒಳಗೆ ಎರಡು ಇಯರ್ ಬಡ್ಸ್.

"ಅಪ್ಪಾ, ಇದು ಹಾಕ್ಕೊಂಡ್ರೆ ಹೊರಗಿನ ಸದ್ದೆಲ್ಲಾ ಮಾಯ. ಪಲ್ಪರ್ ಸದ್ದಿಗೆ ತಲೆ ಚಿಟ್ಟು ಹಿಡೀತು ಅಂತ ವರ್ಷಾ ವರ್ಷಾ ಗೊಣಗ್ತೀಯಲ್ಲ, ತಗೋ."

ನಾನು ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕಥೆ ಕಾದಂಬರಿ ಬರೆಯುವವನೆಂದು ತಿಳಿದು ಗೌರವ ಕೊಟ್ಟೀರಿ, ಬೇಡ. ಆಳುಗಳ ಹಾಜರಿ ಬರೆಯುವುದು, ಅವರನ್ನು ಸಾಲಿಗೆ ಹಚ್ಚುವುದು, ಅವರ ಹಿಂದೆ ತಿರುಗಿ ಗಿಡದಲ್ಲಿ ಹಣ್ಣು ಉಳಿದಿದೆಯೇ ಎಂದು ನೋಡುವುದು, ಎಲ್ಲರ ಹತ್ತಿರವೂ ಬೈಸಿಕೊಳ್ಳುವುದು, ಇಷ್ಟು ನನ್ನ ಕೆಲಸ. ಕೊಯ್ಲಿಗೆ ಮೊದಲು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವನ್ನು ಒಮ್ಮೆ ಓಡಿಸಿ ನೋಡುತ್ತೇವೆ. ಅದರ ಆರ್ಭಟ ಕೇಳಿದವರಿಗೇ ಗೊತ್ತು. ಈ ಸಲ ಓಡಿಸಿದ ದಿನ ಮಗಳ ಡಬ್ಬಿ ಜೇಬಿನಲ್ಲಿತ್ತು. ತೆಗೆದು ಕಿವಿಗೆ ಸಿಕ್ಕಿಸಿದೆ. ಅಬ್ಬಾ! ಎದುರಿಗೆ ಯಂತ್ರ ನಡುಗುತ್ತಿದೆ, ಶೆಡ್ಡಿನ ತಗಡು ಅದುರುತ್ತಿದೆ, ಸದ್ದು ಮಾತ್ರ ಇಲ್ಲ. ಜೊತೆಗೆ ಒಂದು ಹಳೆಯ ಹಾಡು ಬೇರೆ ಹಾಕಿಕೊಂಡು, ಹಾಜರಿ ಪುಸ್ತಕದ ಹೊಸ ಹಾಳೆಗೆ ಗೀಟು ಎಳೆಯುತ್ತಾ ಕುಳಿತೆ. ಸುಮ್ಮನೆ ತಲೆ ಎತ್ತಿದರೆ ನಮ್ಮ ಕೊಯ್ಲಿನ ಸಾಲಿನ ಲಲಿತ ಎದುರಿಗೆ ನಿಂತಿದ್ದಾಳೆ. ಬಾಯಿ ತೆರೆಯುತ್ತಿದ್ದಾಳೆ, ಮುಚ್ಚುತ್ತಿದ್ದಾಳೆ. ಮಾತು ಹೊರಡುತ್ತಿಲ್ಲ.

ಗಾಬರಿಯಾಗಿ ಕಿವಿಯಿಂದ ಎರಡನ್ನೂ ಕಿತ್ತೆ.

"ಏನಣ್ಣಾ, ಕಿವುಡ್ರಾಗ್ಬುಟ್ರಾ? ಬೆಲ್ಟ್ ಜಾರ್ತಾ ಐತೆ, ಆಗ್ಲಿಂದ ಕೂಗ್ತಾ ಇವ್ನಿ!"

ಹೇಳಿ ಅವಳು ಎಡಗಾಲನ್ನು ಸ್ವಲ್ಪ ಎಳೆದುಕೊಂಡು ಹೊರಟುಹೋದಳು. ಯಂತ್ರ ನಿಲ್ಲಿಸಿದೆ, ಬೆಲ್ಟ್ ಸರಿ ಮಾಡಿದೆ, ಡಬ್ಬಿಯನ್ನು ಮಾತ್ರ ಮತ್ತೆ ತೆರೆಯಲಿಲ್ಲ. ಆ ಎಡಗಾಲು ಎಳೆಯುವುದಕ್ಕೆ ಕಾರಣ ನಾನು. ಅದು ಆವತ್ತಿನವರೆಗೆ ಅವಳಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಹೇಳುತ್ತೇನೆ. ಆದರೆ ನೇರವಾಗಿ ವಿಷಯಕ್ಕೆ ಬಂದು ಅಭ್ಯಾಸವಿಲ್ಲದ ಮನುಷ್ಯ ನಾನು. ಸ್ವಲ್ಪ ಸುತ್ತಿ ಬರುತ್ತೇನೆ, ಸಹಿಸಿಕೊಳ್ಳಿ.

ಕಿವಿಯಲ್ಲಿ ಏನಾದರೊಂದು ಸದ್ದು ಇಲ್ಲದಿದ್ದರೆ ನನ್ನ ಕೈ ಓಡುವುದಿಲ್ಲ. ಇದು ಹುಟ್ಟಿದಂದಿನಿಂದ ಬಂದ ರೋಗ. ಆಲೂರಿನಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ನಾನು ಲೆಕ್ಕ ಮಾಡುತ್ತಿದ್ದುದು ಗಿರಣಿಯ ಮೂಲೆಯಲ್ಲಿ, ರಾಗಿ ಮೂಟೆಯ ಮೇಲೆ ಕುಳಿತು. ಗಿರಣಿ ಟಕಟಕ ಎನ್ನುತ್ತಿರುವಷ್ಟು ಹೊತ್ತು ಕೂಡುವುದು ಕಳೆಯುವುದು ಸರಾಗ. ಕರೆಂಟ್ ಹೋಯಿತೋ, ಅಲ್ಲಿಗೆ ಭಾಗಾಕಾರ ನಿಂತಿತು. ಕೊನೆಗೆ ಪರೀಕ್ಷೆಯ ಕೊಠಡಿಯಲ್ಲಿ ಕೂರಿಸಿದರು ನೋಡಿ, ಸೂಜಿ ಬಿದ್ದರೂ ಕೇಳುವಂಥ ಮೌನ. ಲೆಕ್ಕದಲ್ಲಿ ಡುಮ್ಕಿ ಹೊಡೆದೆ. "ಗಿರಣೀನ ಅಲ್ಲಿಗೂ ಹೊತ್ಕೊಂಡ್ಹೋಗಕ್ಕಾಗ್ತದೇನೋ ಮಂಕೇ" ಎಂದು ಅಪ್ಪ ಬೈದರು.

ದೊಡ್ಡವನಾದ ಮೇಲೂ ಅಷ್ಟೇ. ನನ್ನ ಭಾವ ರೈಲ್ವೆಯಲ್ಲಿದ್ದಾಗ ಅವನನ್ನು ಎಡಕುಮೇರಿ ಸ್ಟೇಷನ್ನಿಗೆ ಹಾಕಿದ್ದರು. ಸುತ್ತ ಕಾಡು, ನಡುವೆ ಎರಡು ಹಳಿ, ಮತ್ತೇನಿಲ್ಲ. ಎರಡು ದಿನ ಹೋಗಿದ್ದೆ. "ಎಂಥಾ ನೆಮ್ಮದಿ ಅಲ್ವಾ" ಎಂದು ಅವನು ಹೇಳಿ ಹೇಳಿ ಸುಖಪಡುತ್ತಿದ್ದ. ನನಗೋ, ಕೈಯಲ್ಲಿದ್ದ ಪೇಪರಿನ ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹೋಗದು. ಮಧ್ಯಾಹ್ನ ಒಂದು ಗೂಡ್ಸ್ ಗಾಡಿ ಸುರಂಗದಿಂದ ಬಂದು ಸ್ಟೇಷನ್ನನ್ನೇ ಅಲ್ಲಾಡಿಸಿ ಹೋಯಿತು. ಆ ಗಾಡಿ ಹೋಗುವಷ್ಟರಲ್ಲಿ ಇಡೀ ಪೇಪರ್ ಓದಿ ಮುಗಿಸಿದ್ದೆ. ಭಾವನಿಗೆ ಇದನ್ನು ಹೇಳಲಿಲ್ಲ.

ಎಸ್ಟೇಟಿಗೆ ಸೇರಿದ ಮೇಲೆ ಸ್ಟೋರಿನಲ್ಲಿ ಒಂದು ರೇಡಿಯೋ ಇಟ್ಟುಕೊಂಡೆ. ಸ್ಟೋರಿನ ಮಟ್ಟಿಗೆ ಸರಿಯಾಯಿತು. ತೊಂದರೆ ಇದ್ದದ್ದು ಸಾಲಿನಲ್ಲಿ. ಏಕೆಂದರೆ ಸಾಲು ನನ್ನದಲ್ಲ, ದೇವೀರಕ್ಕನದು.

ದೇವೀರಕ್ಕ ಎಸ್ಟೇಟಿನ ಆಳುಗಳು ಇರುವ ಲೈನ್ ಮನೆಯವಳು. ಕುಳ್ಳಗೆ, ಗಟ್ಟಿ ಆಳು. ತಲೆಗೆ ಸುತ್ತಿದ ಟವೆಲ್ ಬಿಚ್ಚಿದ್ದನ್ನು ನಾನು ನೋಡಿದವನೇ ಅಲ್ಲ. ಹನ್ನೆರಡು ಜನರ ಸಾಲಿಗೆ ಅವಳೇ ಮೊದಲಿನವಳು. ನಮ್ಮ ಕಡೆ ಆನೆಯ ಕಾಟ ಹೇಗೆಂದು ನಿಮಗೆ ಗೊತ್ತಿರಬಹುದು. ಈಗ ಎಲ್ಲಿ ಆನೆ ನಿಂತಿದೆ ಎಂದು ಬೆಳಗಾಗುತ್ತಲೇ ಮೊಬೈಲಿಗೆ ಬರುತ್ತದೆ. ಆಗ ಅದೂ ಇಲ್ಲ. ಕಾಫಿ ಗಿಡ ಆಳೆತ್ತರ ಬೆಳೆದಿರುತ್ತದೆ, ಗುಡ್ಡ ಬಳಸಿಕೊಂಡು ಸಾಲು ತಿರುಗುತ್ತದೆ, ಪಕ್ಕದವಳು ಕಾಣುವುದಿಲ್ಲ. ಅದಕ್ಕೆ ದೇವೀರಕ್ಕ ಒಂದು ಪದ್ಧತಿ ಇಟ್ಟಿದ್ದಳು. ಆಗಾಗ ಸಾಲಿನ ತಲೆಯಿಂದ ಅವಳು "ಓ..." ಎಂದು ಕೂಗುವಳು. ಅದನ್ನು ಕೇಳಿ ಎರಡನೆಯವಳು ಓ. ಎರಡನೆಯವಳದು ಕೇಳಿ ಮೂರನೆಯವಳು. ಹೀಗೆ ಒಬ್ಬರಿಂದೊಬ್ಬರಿಗೆ ಬಂದು, ಹನ್ನೊಂದನೆಯವಳಾದ ಲಲಿತಳ ಓ ಕೇಳಿದ ಮೇಲೆ ಹನ್ನೆರಡನೆಯವನಾದ ನಾನು ಗಂಡುದನಿಯಲ್ಲಿ ಜೋರಾಗಿ ಓ ಎನ್ನಬೇಕು. ದೇವೀರಕ್ಕ ಕಿವಿಗೊಟ್ಟು ಎಣಿಸುವಳು, ಆದರೆ ಅಷ್ಟು ದೂರದಿಂದ ಎಲ್ಲರದೂ ಸ್ಪಷ್ಟವಾಗಿ ಕೇಳದು. ನನ್ನದು ಕೇಳುತ್ತದೆ. ನನ್ನದು ಬಂತೆಂದರೆ ನಡುವಿನವರೆಲ್ಲ ಇದ್ದಾರೆ ಎಂದು ಅರ್ಥ. ನಡುವೆ ಯಾರಾದರೂ ಓಗೊಡದಿದ್ದರೆ ಮುಂದಿನವರು ಬಾಯಿ ಬಿಡಬಾರದು. ನನ್ನ ಓ ಬಾರದಿದ್ದರೆ ಇಡೀ ಸಾಲು ಕುಕ್ಕೆ ಇಳಿಸಿ ವಾಪಸು ಹುಡುಕಿಕೊಂಡು ಬರಬೇಕು.

"ನಾವು ಇಲ್ಲಿದೀವಿ ಅಂತ ಆನೆಗೂ ತಿಳೀಬೇಕು, ನಾವೆಲ್ಲಾ ಇದೀವಿ ಅಂತ ನಮಗೂ ತಿಳೀಬೇಕು" ಎನ್ನುತ್ತಿದ್ದಳು.

ಒಮ್ಮೆ ನಾನು ಜಾಣತನ ತೋರಿಸಲು ಹೋದೆ. "ಅಕ್ಕ, ಗಂಟಲು ಯಾಕೆ ಹರ್ಕೋತೀಯ, ಒಬ್ಬೊಬ್ಬರು ಒಂದೊಂದು ಮೊಬೈಲ್‌ನಲ್ಲಿ ಹಾಡು ಹಾಕ್ಕೊಂಡ್ರೆ ಆಯ್ತಲ್ಲ. ಆನೆಗೂ ಕೇಳ್ತದೆ, ಕೆಲಸಾನೂ ಓಡ್ತದೆ" ಎಂದೆ.

ಅವಳು ಕುಯ್ಯುವ ಕೈ ನಿಲ್ಲಿಸಲಿಲ್ಲ. "ಹಾಡಿಗೇನು ರೈಟ್ರೇ, ಹಾಕ್ಕೊಂಡೋಳು ಸತ್ತು ಬಿದ್ರೂ ಅದು ಹಾಡ್ತಾನೇ ಇರ್ತೈತೆ."

ಸಾಲಿನಲ್ಲಿ ಹಾಡು ನಿಷೇಧವಾಯಿತು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಒಪ್ಪಿ, ಸಕಲೇಶಪುರಕ್ಕೆ ಹೋಗಿ ಒಂದು ವೈರಿನ ಇಯರ್ ಫೋನ್ ಕೊಂಡು ತಂದೆ. ಅರೇಬಿಕಾ ಕಾಫಿಯ ಕೊಯ್ಲು ಚಳಿಗಾಲದಲ್ಲಿ. ತಲೆಗೆ ಮಫ್ಲರ್, ಮೈಗೆ ಸ್ವೆಟರ್. ವೈರು ಸ್ವೆಟರಿನೊಳಗೆ, ಬಿರಡೆ ಮಫ್ಲರಿನೊಳಗೆ. ನನ್ನ ವಯಸ್ಸಿಗೆ ಮಾಡುವ ಕೆಲಸವೇ ಅದು? ಆದರೆ ಎಷ್ಟು ಖುಷಿ ಗೊತ್ತೇ! ಮೊದಮೊದಲು ಬಹಳ ಎಚ್ಚರದಿಂದಿದ್ದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಒಂದು ಸುತ್ತು ಓ ಬರುತ್ತದೆಂದು ಅಂದಾಜು ಸಿಕ್ಕಿತ್ತು. ಆ ಹೊತ್ತಿಗೆ ಒಂದು ಕಿವಿ ಬಿಡಿಸಿಕೊಂಡು, ಲಲಿತಳದು ಕೇಳಿ, ನನ್ನದು ಕೂಗಿ, ಮತ್ತೆ ತುರುಕಿಕೊಳ್ಳುತ್ತಿದ್ದೆ. ಬರಬರುತ್ತಾ ಸೋಮಾರಿಯಾದೆ. ಹಾಡಿನ ಸಂದಿನಲ್ಲಿ ಯಾರದೋ ದನಿ ಮಂದವಾಗಿ ಕೇಳಿದಂತಾದರೂ ಸಾಕು, ಓ ಎಂದುಬಿಡುತ್ತಿದ್ದೆ. ಏನೂ ಆಗುತ್ತಿರಲಿಲ್ಲ. ಏನೂ ಆಗದೇ ಇದ್ದದ್ದೇ ನನ್ನನ್ನು ಕೆಡಿಸಿದ್ದು.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹಳ್ಳದ ಬ್ಲಾಕಿನಲ್ಲಿ ಕೊಯ್ಲು. ಅಲ್ಲಿ ಬೈನೆ ಮರ ಜಾಸ್ತಿ. ಬೈನೆಯೆಂದರೆ ಆನೆಗೆ ಪ್ರಾಣ. ಲಲಿತ ಎರಡು ಗಿಡದ ನಡುವಿನ ಬಸಿಗಾಲುವೆ ದಾಟಲು ಹೋಗಿ ಜಾರಿ ಬಿದ್ದಳು. ಎಡಗಾಲಿನ ಕೀಲು ಮುರಿಯಿತು. ಕೂಗಲು ಬಾಯಿ ತೆರೆದು ತಲೆ ಎತ್ತಿದರೆ, ಇಪ್ಪತ್ತು ಹೆಜ್ಜೆಯಾಚೆ ಒಂಟಿ ಸಲಗ ಬೈನೆ ಮರ ಸೀಳಿಕೊಂಡು ತಿನ್ನುತ್ತಾ ನಿಂತಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕಾಲುವೆಯಲ್ಲೇ ಅಂಗಾತ ಮಲಗಿಬಿಟ್ಟಳು. ಅಷ್ಟು ಹೊತ್ತಿಗೆ ದೇವೀರಕ್ಕನ ಓ ಹೊರಟಿತು. ಒಂದೊಂದಾಗಿ ಹತ್ತನೆಯವಳವರೆಗೆ ಬಂತು. ಲಲಿತ ಉಸಿರಾಡಲಿಲ್ಲ. ನಾನು ಓಗೊಡುವುದಿಲ್ಲ, ಸಾಲು ತನ್ನನ್ನು ಹುಡುಕಿಕೊಂಡು ಬರುತ್ತದೆ ಎಂದು ಕಾದಳು.

ನಾನು ಓ ಎಂದೆ.

ಸಾಲು ಮುಂದೆ ಸರಿಯಿತು. ನಾನೂ ಗುನುಗುತ್ತಾ ಮೇಲಿನ ದಾರಿಯಿಂದ ದಾಟಿಹೋದೆ. ಆಮೇಲಿನ ಸುತ್ತುಗಳಿಗೂ ಹಾಗೇ ಓ ಎಂದೆ. ಚಹಾ ಹೊತ್ತಿಗೆ ತಲೆ ಎಣಿಸಿದಾಗಲೇ ಒಬ್ಬಳು ಕಡಿಮೆ ಎಂದು ಗೊತ್ತಾದದ್ದು. ಆ ವೇಳೆಗೆ ಒಂದು ಗಂಟೆಗೂ ಮೇಲಾಗಿತ್ತು; ಆ ತಡದಿಂದಲೇ ಅವಳ ಕೀಲು ಮುಂದೆ ಸರಿಯಾಗಿ ಕೂಡಲಿಲ್ಲ. ಆನೆ ಆಗಷ್ಟೇ ಹಳ್ಳಕ್ಕೆ ಇಳಿದು ಹೋಗಿತ್ತು, ದೇವರು ದೊಡ್ಡವನು. ಮೊದಲು ಓಡಿದವಳು ದೇವೀರಕ್ಕ. ಲಲಿತಳನ್ನು ಗೋಣಿ ತಾಟಿನಲ್ಲಿ ಮಲಗಿಸಿ ಜೀಪಿಗೆ ಹಾಕಿದೆವು. ಜೀಪ್ ಹೊರಡುವಾಗ ಅವಳು ನನ್ನ ಕೈ ಹಿಡಿದು ಕೇಳಿದಳು, "ಅಣ್ಣಾ, ನೀವು ಓ ಅಂದ್ರಲ್ಲ. ನಾನು ಅನ್ಲೇ ಇಲ್ವಲ್ಲ."

"ಹತ್ತನೇದು ಕೇಳಿಸ್ತು ಕಣಮ್ಮ. ನಿಂದೇ ಅಂದ್ಕೊಂಡೆ" ಎಂದೆ. ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು! ಆಗಲೂ ಮಫ್ಲರ್ ನನ್ನ ತಲೆಯ ಮೇಲೇ ಇತ್ತು.

ಎಸ್ಟೇಟಿನ ಸಾಹುಕಾರರು ಬಂದು ಇದು ಹೇಗಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ದೇವೀರಕ್ಕ ಮುಂದೆ ಬಂದಳು. "ತಪ್ಪು ನಂದು ಅಯ್ಯಾ. ಹತ್ತಾದ್ಮೇಲೆ ರೈಟ್ರುದ್ದು ಬಂದ್ಬುಡ್ತು. ನಡುವೆ ಒಂದು ಕಮ್ಮಿ ಆಗೈತೆ ಅಂತ ನನ್ ಕಿವೀಗೆ ತಿಳೀಲಿಲ್ಲ. ಕಿವಿ ಹೋಗ್ಬುಟ್ಟೈತೆ ನಂಗೆ" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು, ಒಂದೇ ಮಾತು ಸಾಕಿತ್ತು. ಆಡಲಿಲ್ಲ. ಆ ವಾರವೇ ಅವಳು ಸಾಲು ಬಿಟ್ಟು ಬೆಳಗೋಡಿನ ಮಗಳ ಮನೆಗೆ ಹೊರಟಳು. ಹೋಗುವಾಗ ನನಗೇ ಬುದ್ಧಿ ಹೇಳಿದಳು, "ಹುಷಾರು ರೈಟ್ರೇ. ಈಗ ನಿಮ್ ಕಿವೀನೇ ಸಾಲಿಗೆ ಗತಿ."

ಅವತ್ತಿನಿಂದ ನಾನು ಒಂದು ಹಾಡನ್ನೂ ಪೂರ್ತಿ ಕೇಳಿದವನಲ್ಲ. ರೇಡಿಯೋ ಹಾಕುತ್ತೇನೆ, ಯಾರೋ ಕೂಗಿದಂತಾಗುತ್ತದೆ, ಆರಿಸುತ್ತೇನೆ. ಮೌನದಲ್ಲಿ ಕೈ ಓಡುವುದಿಲ್ಲ, ಮತ್ತೆ ಹಾಕುತ್ತೇನೆ. "ಆ ಗುಂಡಿ ಸವೆದು ಕೈಗೆ ಬರ್ತದೆ, ಒಂದು ಕಡೆ ಕೂತ್ಕೋಬಾರ್ದಾ" ಎಂದು ನನ್ನ ಹೆಂಡತಿ ರೇಗುತ್ತಾಳೆ. ಕೇಳಿದವರಿಗೆ ಪಲ್ಪರ್ ಸದ್ದಿನ ಕಾಟ ಎಂದು ನೆಪ ಹೇಳುತ್ತೇನೆ; ಮಗಳು ಅದನ್ನೇ ನಂಬಿ ಪಾಪ ಈ ಡಬ್ಬಿ ತಂದದ್ದು.

ಪಲ್ಪರ್ ಓಡಿಸಿದ ದಿನ ಲಲಿತಳ ಬಾಯಿ ಸದ್ದಿಲ್ಲದೆ ತೆರೆದು ಮುಚ್ಚುವುದನ್ನು ಕಂಡ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಮರುದಿನ ಬೆಳಗೋಡಿನ ಬಸ್ಸು ಹತ್ತಿದೆ. ಏನು ಮುಚ್ಚುಮರೆ, ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದು ಒಂದೇ: ದೇವೀರಕ್ಕನಿಗೆ ನಿಜವಾಗಿಯೂ ಕಿವಿ ಕೇಳಿಸದಿರಲಿ. ಹಾಗಿದ್ದರೆ ನನ್ನ ತಪ್ಪು ಅರ್ಧ ಕಡಿಮೆಯಾಗುತ್ತದಲ್ಲ. ಇಂಥವನು ನಾನು.

ಅವಳು ಜಗಲಿಯ ಮೇಲೆ ಬೀದಿಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ಟವೆಲ್ ಹಾಗೇ ಇತ್ತು. ನಾನಿನ್ನೂ ಬೇಲಿಯ ಹತ್ತಿರ ಇದ್ದೆ. ತಿರುಗದೆಯೇ ಹೇಳಿದಳು, "ರೈಟ್ರು ಇನ್ನೂವೇ ಚಪ್ಲಿ ಎಳ್ಕಂಡೇ ನಡೀತಾರೆ."

ನನ್ನ ಜೀವ ಅಲ್ಲೇ ಅರ್ಧ ಹೋಯಿತು. "ಕಿವಿ ಕೇಳಲ್ಲ ಅಂದಿದ್ದೆ?" ಎಂದೆ.

"ಹತ್ರದ್ದು ಕೇಳ್ತೈತೆ. ದೂರದ್ದು ನಂಬಕ್ಕಾಗಲ್ಲ, ಅವತ್ತು ಕೈ ಕೊಡ್ತಲ್ಲ. ಮನೇಲಿ ಎಲ್ಲಾ ಕಿರುಚ್ಕಂಡೇ ಮಾತಾಡ್ತಾರೆ ಕಣ್ರೀ. ಪಾಪ, ಯಾಕೆ ಬೇಡ ಅನ್ನೋದು ಅಂತ ಸುಮ್ನಿದೀನಿ."

ಅಷ್ಟರಲ್ಲಿ ಅವಳ ಮಗಳು ಒಳಗಿನಿಂದ ಬಂದು, "ಅವ್ವಾ! ಯಾರ್ ಬಂದವ್ರೇ!" ಎಂದು ಬೀದಿಗೆಲ್ಲ ಕೇಳುವಂತೆ ಅರಚಿದಳು. ದೇವೀರಕ್ಕ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನನಗೆ ನಗು ಬರಲಿಲ್ಲ. ಮಗಳು ಕಾಫಿ ತರಲು ಒಳಗೆ ಹೋದಾಗ ಜಗಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಮಫ್ಲರ್, ವೈರು, ಹಾಡು, ನಾನು ಕೇಳದೆ ಅಂದ ಓ. ನಿನ್ನ ಕಿವಿಗೆ ಏನೂ ಆಗಿರಲಿಲ್ಲ ಅಕ್ಕ, ನನ್ನ ಕಿವಿ ಮುಚ್ಚಿತ್ತು ಎಂದೆ.

ಅವರೆಕಾಯಿ ಸುಲಿಯುವ ಕೈ ನಿಂತಿತು. ಸಾಲಿನಲ್ಲಿ ಎಂದೂ ನಿಲ್ಲದ ಕೈ ಅದು. ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದು ತಲೆ ತಗ್ಗಿಸಿ ಕುಳಿತೆ.

"ಯಾವ ಹಾಡು?" ಎಂದಳು.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ನಿಜವಾಗಿ ನೋಡಿದೆ. ರಾಗವೂ ನೆನಪಿಲ್ಲ, ಒಂದು ಪದವೂ ನೆನಪಿಲ್ಲ.

"ಗೊತ್ತಿಲ್ಲ ಅಕ್ಕ."

"ಥೂ ಮಾರಾಯ್ರೇ" ಎಂದಳು. "ಎಂಟು ವರ್ಷದಿಂದ ದಿನಾ ಆ ಹತ್ತು ಓ ಎಣಿಸ್ತಾ ಇದೀನಿ, ಹನ್ನೊಂದನೇದು ಎಲ್ಲಿ ಹೋಯ್ತು ಅಂತ. ನಿಮಗೆ ಹಾಡೂ ನೆನಪಿಲ್ವಾ?"

ಕಾಫಿ ಬಂತು, ಕುಡಿದೆ, ನಾಲಿಗೆ ಸುಟ್ಟುಕೊಂಡೆ. ಲೋಟ ಕೆಳಗಿಟ್ಟು, "ಈ ಸಲ ಬಾ ಅಕ್ಕ. ಕುಯ್ಯೋದು ಬೇಡ. ತಲೇಲಿ ನಿಂತು ಓ ಅಂದ್ರೆ ಸಾಕು. ಸಾಹುಕಾರರಿಗೆ ನಾನೇ ಎಲ್ಲಾ ಹೇಳ್ತೀನಿ" ಎಂದೆ.

"ನಂಗೆ ಹೇಳಿದ್ದಾಯ್ತು, ಸಾಹುಕಾರ್ರಿಗೂ ಹೇಳ್ತೀರ. ಬಿದ್ದೋಳಿಗೆ ಹೇಳಿದ್ರಾ?"

ಇಲ್ಲ ಎಂದು ತಲೆಯಾಡಿಸಿದೆ.

"ಜೀಪ್ ಕಳಿಸಿ, ಬರ್ತೀನಿ. ಸಾಲು ಹಚ್ಚೋಕೆ ಮುಂಚೆ ಎಲ್ಲಾರ ಮುಂದೂ ಅವಳಿಗೆ ಹೇಳ್ಬೇಕು. ನಾನು ಕೇಳಿಸ್ಕಬೇಕು."

ಸಾಹುಕಾರರಿಗೆ ಹೇಳಿದ್ದು ಸುಲಭವಾಯಿತು. ಅವರು "ಹೋಗಿ ಜೀಪ್ ಕಳಿಸಿ" ಎಂದರು ಅಷ್ಟೇ. ಮಗಳ ಡಬ್ಬಿಯನ್ನು ಸ್ಟೋರಿನ ಮೇಜಿನ ಖಾನೆಯಲ್ಲಿಟ್ಟೆ. ಫೋನಿನಲ್ಲಿ ಅವಳು ಹೇಗಿದೆಯೆಂದು ಕೇಳಿದರೆ, ಚೆನ್ನಾಗಿದೆ, ಸದ್ದೇ ಬರುವುದಿಲ್ಲ ಎನ್ನುತ್ತೇನೆ. ಅದೇನೂ ಸುಳ್ಳಲ್ಲ.

ಈ ಸೋಮವಾರ ಕೊಯ್ಲು ಶುರುವಾಯಿತು. ಹಳ್ಳದ ಬ್ಲಾಕಿನಿಂದಲೇ. ದೇವೀರಕ್ಕ ಜೀಪಿನಿಂದ ಇಳಿದು ಸೊಂಟಕ್ಕೆ ಕೈಕೊಟ್ಟು ನಿಂತಳು. ಹೆಂಗಸರು ಅವಳನ್ನು ಮುತ್ತಿಕೊಂಡು ನಗಾಡುತ್ತಿದ್ದರು. ನಾನು ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದು, ಲಲಿತಳ ಎದುರು ನಿಂತು ಹೇಳಿದೆ. ಬೆಳಗೋಡಿನಲ್ಲಿ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ, ತಡವರಿಸಿದೆ. ನಗುವೆಲ್ಲ ನಿಂತುಹೋಯಿತು.

ಲಲಿತ ಕುಕ್ಕೆಯ ಹಗ್ಗ ಕಟ್ಟುತ್ತಿದ್ದವಳು ಕಟ್ಟಿ ಮುಗಿಸಿದಳು.

"ಅಂದ್ರೆ, ಅವತ್ತು ನಾನು ಸತ್ತಿದ್ರೂ ನೀವು ಓ ಅಂತಿದ್ರಿ."

"ಹೂಂ ಕಣಮ್ಮ" ಎಂದೆ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. "ಹಂಗಾರೆ ಇವತ್ತು ನೀವು ನನ್ ಜಾಗದಲ್ಲಿ ನಡೀರಿ. ಕೊನೇಲಿ ನಾನು ನಿಲ್ತೀನಿ" ಎಂದು ಹಿಂದಕ್ಕೆ ಹೋದಳು.

ಸಾಲು ಹತ್ತಿತು. ಹನ್ನೊಂದನೆಯ ಜಾಗದಲ್ಲಿ ನಾನು. ಮಂಜು ಇನ್ನೂ ಬಿಟ್ಟಿರಲಿಲ್ಲ, ಬರಿಯ ಕಿವಿ ಚಳಿಗೆ ಉರಿಯುತ್ತಿತ್ತು. ಹಣ್ಣು ಕುಕ್ಕೆಗೆ ಬೀಳುವ ಸದ್ದು, ಎಲ್ಲೋ ಒಂದು ಹಕ್ಕಿ, ಯಾರದೋ ಬಳೆ. ಆಮೇಲೆ ಗುಡ್ಡದ ಆ ಬದಿಯಿಂದ ದೇವೀರಕ್ಕನ ಓ ಬಂತು. ಅವಳ ದನಿ ಸ್ವಲ್ಪ ಸೀಳಿತ್ತು, ಆದರೆ ಅವಳದೇ. ಎರಡು, ಮೂರು, ನಾಲ್ಕು, ಬೆರಳು ಮಡಚುತ್ತಾ ಹತ್ತರವರೆಗೆ ಎಣಿಸಿದೆ. ನನ್ನದು ಕೂಗಿದೆ. ಹಿಂದಿನಿಂದ ಏನೂ ಬರಲಿಲ್ಲ.

ಕಾದೆ. ಬರಲಿಲ್ಲ. ನನ್ನ ಎಡಕ್ಕೆ ಅದೇ ಬಸಿಗಾಲುವೆ ಇತ್ತು. ತಿರುಗಿ ನೋಡಿದರೆ ಕಾಫಿ ಗಿಡ, ಅದರ ಹಿಂದೆ ಮಂಜು, ಮನುಷ್ಯರ ಸುಳಿವಿಲ್ಲ. ಇನ್ನೊಮ್ಮೆ ಓ ಎನ್ನೋಣವೆಂದರೆ ಬಾಯಿ ಒಣಗಿಹೋಗಿತ್ತು. ಹೆದರಿಕೆಯಾಯಿತು ನನಗೆ, ಮುಚ್ಚಿಡುವುದೇನು. ಲಲಿತ ಒಂದು ಗಂಟೆ ಹೀಗೇ ಕಿವಿಗೊಟ್ಟು ಮಲಗಿದ್ದಳು. ನಾನು ಎಷ್ಟು ಹೊತ್ತು ನಿಂತಿದ್ದೆನೋ, ಅರ್ಧ ಹಾಡಿನಷ್ಟೂ ಇರಲಿಕ್ಕಿಲ್ಲ.

ಆಮೇಲೆ ತೀರಾ ಹತ್ತಿರದಿಂದ, ನಿಧಾನವಾಗಿ, ಅವಳ ಓ ಬಂತು.

ನಾನು ಮುಂದಿನ ಗಿಡಕ್ಕೆ ಹೋದೆ.